ಸುಖಡಿಯ ಬಾಣಂತನ

ಬಾಣಂತನದ ವಿಷಯದಲ್ಲಿ ಪದ್ಮಾವತಿಬಾಯಿಯವರ ಮಾತೇ ಕೊನೆಯ ಮಾತು. ತಂಗಿಯರದು, ನಾದಿನಿಯರದು, ಹಿರಿಯ ಮಗಳದು ಎಂದು ಏಳು ಬಾಣಂತನ ಮಾಡಿ ಕೈತೊಳೆದವರು ಅವರು. ಧಾರವಾಡದ ಓಣಿಯಲ್ಲಿ ಯಾವ ಹೊಸ ಸೊಸೆ ಕೊಡ ಹಿಡಿದು ಹೊರಟರೂ ಕಟ್ಟೆಯ ಮೇಲಿಂದ ನಡಿಗೆ ನೋಡಿ, "ಅಂಟಿನುಂಡಿಗೆ ಅಂಟು ತರಸ್ರಿ" ಎಂದು ಅವಳ ಅತ್ತೆಗೆ ಹೇಳಿ ಕಳಿಸುತ್ತಿದ್ದರು. ಹುಡುಗಿಗೇ ಗೊತ್ತಾಗುವ ಮೊದಲು ಬಾಯಿಯವರಿಗೆ ಗೊತ್ತು. ಓದುಬರಹ ಸಹಿ ಹಾಕುವಷ್ಟಕ್ಕೇ ನಿಂತಿದ್ದರೂ ಹೊಟ್ಟೆ ಓದುವುದರಲ್ಲಿ ಅವರು ಪಂಡಿತರು. ಆ ಪಾಂಡಿತ್ಯ ವಡೋದರಾದ ಫತೇಗಂಜಿನಲ್ಲಿ ಒಂದು ನಾಯಿಯ ಮುಂದೆ ಮಣ್ಣುಮುಕ್ಕಿದ ಕಥೆ ಇದು.

ನಾಯಿಯ ಹೆಸರು ಸುಖಡಿ. ಗೋಧಿಹಿಟ್ಟು, ಬೆಲ್ಲ, ತುಪ್ಪ ಹಾಕಿ ಮಾಡುವ ಗುಜರಾತಿ ಸಿಹಿ ಅದು. ನಾಯಿಯ ಬಣ್ಣವೂ ಹಾಗೇ, ಹದವಾಗಿ ಹುರಿದ ಹಿಟ್ಟಿನದು. ವಿಶ್ವಾಮಿತ್ರಿ ನದಿ ಉಕ್ಕಿ ಫ್ಲಾಟುಗಳ ಸೊಸೈಟಿಯ ಮೆಟ್ಟಿಲವರೆಗೆ ನೀರು ಬಂದ ಮಳೆಗಾಲದಲ್ಲಿ ಎಲ್ಲಿಂದಲೋ ಈಜಿಕೊಂಡು ಬಂದು ಮೊದಲ ಮಹಡಿ ಹತ್ತಿತ್ತು. ನೀರು ಇಳಿಯಿತು, ನಾಯಿ ಇಳಿಯಲಿಲ್ಲ. ಆ ಮಹಡಿಯಲ್ಲಿದ್ದವರು ಬಾಯಿಯವರ ಕಿರಿಯ ಮಗಳು ಮೇದಿನಿ ಮತ್ತು ಅಳಿಯ ಅಜಯ್. ಆಗಷ್ಟೇ ಬ್ಯಾಂಕಿನ ವರ್ಗಾವಣೆಯ ಮೇಲೆ ಅಲ್ಕಾಪುರಿ ಶಾಖೆಗೆ ಬಂದಿದ್ದ ಅಜಯನಿಗೆ ಊರಿನಲ್ಲಿ ಮೊದಲು ಸಿಕ್ಕ ಗೆಳತಿ ಈ ನಾಯಿಯೇ. ಬೆಲ್ಟು ತಂದ, ಬಟ್ಟಲು ತಂದ, ಚಳಿಗೆ ಸ್ವೆಟರೂ ತಂದ. ಸೊಸೈಟಿಯ ಸೆಕ್ರೆಟರಿ ರಜನಿಭಾಯಿಯೂ, "ಇರಲಿ ಬಿಡಿ, ಒಂದು ನಾಯಿ ಇದ್ದರೆ ಕಾವಲು" ಎಂದು ಒಪ್ಪಿಕೊಂಡಿದ್ದರು.

ಹೀಗೆ ಎಲ್ಲ ನೆಟ್ಟಗಿರುವಾಗ ಧನುರ್ಮಾಸದ ಒಂದು ಬೆಳಿಗ್ಗೆ, ಧಾರವಾಡದಿಂದ ಮಗಳ ಮನೆಗೆ ಬಂದಿದ್ದ ಬಾಯಿಯವರು ಬಾಗಿಲಿಗೆ ರಂಗೋಲಿ ಹಾಕುತ್ತಿದ್ದರು. ಸುಖಡಿ ಉಸಿರುಬಿಡುತ್ತ, ಹೊಟ್ಟೆಯನ್ನು ಆಚೆ ಈಚೆ ತೂಗುತ್ತ ಮೆಟ್ಟಿಲು ಹತ್ತಿ ಬಂದಳು. ಬಾಯಿಯವರು ರಂಗೋಲಿ ಬಟ್ಟಲು ಕೆಳಗಿಟ್ಟರು.

"ಮೇದಿನಿ, ಸುಖಡಿ ಬಸರಿದ್ದಾಳ."

"ನಿನಗ ಹೆಂಗ ಗೊತ್ತಾತವ್ವಾ?"

"ಏಳು ಬಾಣಂತನ ಮಾಡಿದ ಕಣ್ಣದು. ನೂರು ಹೆಜ್ಜಿ ದೂರದಿಂದ ಹೇಳ್ತದ."

"ಡಾಕ್ಟರಿಗೆ ಒಮ್ಮೆ ತೋರಸೋಣು. ಈಗ ಎಲ್ಲಾರೂ ಮೊದಲಿಂದಾನ ತೋರಸ್ತಾರ. ನಾನೂ ಮೊನ್ನೆ..."

"ಯಾಕ, ನಾ ಸತ್ತೀನೇನು? ನಾಯಿಗೆ ಡಾಕ್ಟರ ಅಂತ, ನಾಯಿಗೆ ಸ್ವೆಟರ ಅಂತ. ನಮ್ಮ ಕಾಲದಾಗ ನಾಯಿ ಹಡೀತಿದ್ದಿಲ್ಲೇನು?"

ಅಷ್ಟರಲ್ಲಿ ಅಜಯ್ ಮಂಚದ ಕೆಳಗೆ, ಸೋಫಾದ ಹಿಂದೆ ತಡಕಾಡುತ್ತ ಬಂದ. "ಬೆಲ್ಟ ಕಂಡದೇನು ಯಾರಿಗಾದ್ರೂ?"

ಬೆಲ್ಟು ಅವನ ಹೆಗಲ ಮೇಲೇ ಇತ್ತು. ಬಾಯಿಯವರು ನಿಟ್ಟುಸಿರು ಬಿಟ್ಟರು. "ಕಂಕುಳಾಗ ಕೂಸಿಟಗೊಂಡು ಊರೆಲ್ಲಾ ಹುಡುಕಿದ್ರಂತ. ನಿಮ್ಮಂಥಾವರನ್ನ ನೋಡೇ ಗಾದಿ ಮಾಡ್ಯಾರ ನೋಡ್ರಿ."

ಅಳಿಯ ಬೆಲ್ಟು ಇಳಿಸಿ ನಾಯಿಗೆ ಕಟ್ಟಲು ಬಗ್ಗಿದ. ಅವನ ಕಣ್ಣು ನಾಯಿಯ ಎಡಗಿವಿಯ ಮೇಲೆ ಬಿತ್ತು. ಕಿವಿಯ ತುದಿ ಕತ್ತರಿ ಇಟ್ಟ ಹಾಗೆ ನೇರವಾಗಿ ಮೊಂಡಾಗಿತ್ತು. "ಇದು ಹಿಂಗ್ಯಾಕದ, ಅತ್ತಿಯವರ?"

"ಜಗಳದಾಗ ಯಾವದೋ ಕಡದದ. ಅರಿಶಿಣ ಹಚ್ಚಿದ್ರ ಮಾಯ್ತದ" ಎಂದು ಬಾಯಿಯವರು ಅಂದಿನಿಂದಲೇ ಅದಕ್ಕೂ ಚಿಕಿತ್ಸೆ ಶುರುಮಾಡಿದರು. ದಿನವೂ ಕಿವಿಗೆ ಅರಿಶಿಣ, ಹೊಟ್ಟೆಗೆ ಅಂಟಿನುಂಡಿ. ಒಣಕೊಬ್ಬರಿ, ಉತ್ತತ್ತಿ, ಒಣದ್ರಾಕ್ಷಿ, ಗಸಗಸೆ, ತುಪ್ಪದಲ್ಲಿ ಅರಳಿಸಿದ ಅಂಟು, ಬೆಲ್ಲ. ಬಾಣಂತಿಗೆ ಮಾಡುವುದರಲ್ಲಿ ಒಂದನ್ನೂ ಬಿಡಲಿಲ್ಲ.

ಅಜಯ್ ಫೋನು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತ. "ಅತ್ತಿಯವರ, ನಾಯಿಗೆ ಬೆಲ್ಲ ಆಗಿ ಬರೂದಿಲ್ಲಂತ. ಒಣದ್ರಾಕ್ಷಿ ಅಂತೂ ವಿಷ ಅಂತ ಬರದಾರ."

"ಆ ನಿಮ್ಮ ಫೋನು ಎಷ್ಟ ಸರತೆ ಹಡದದ?"

ಆದರೂ ಅಳಿಯನ ಮಾತಿಗೆ ಬೆಲೆ ಕೊಡಬೇಕಲ್ಲ. ಬಾಯಿಯವರು ದ್ರಾಕ್ಷಿ ಬಿಟ್ಟರು, ಅದರ ಲೆಕ್ಕಕ್ಕೆ ತುಪ್ಪ ಹೆಚ್ಚಿಸಿದರು.

ಎದುರುಮನೆಯ ಜಸುಬೆನ್ ಆ ತುಪ್ಪದ ವಾಸನೆ ಹಿಡಿದು ಬಂದರು. ಬಾಯಿಯವರ ಭಾಷೆ ಕನ್ನಡದ ಬುಡಕ್ಕೆ ಹಿಂದಿಯ ಕಸಿ, ಮೇಲೆ ಗುಜರಾತಿಯ ಎರಡು ಎಲೆ. ಆದರೂ ಹೊಟ್ಟೆಯ ಮುಂದೆ ಕೈಯಿಂದ ಒಂದು ಅರ್ಧಚಂದ್ರ ಬರೆದು ತೋರಿಸಿದರೆ ಯಾವ ದೇಶದ ಹೆಂಗಸಿಗೂ ತಿಳಿಯುತ್ತದೆ. ಜಸುಬೆನ್ನರ ಮುಖ ಅರಳಿತು. ನಮ್ಮ ಧನುರ್ಮಾಸ ಅವರಿಗೆ ಕಮೂರತಾ. ಶುಭಕಾರ್ಯ ಮಾಡುವ ಹಾಗಿಲ್ಲ, ಆದರೆ ಉತ್ತರಾಯಣದವರೆಗೆ ನಾಯಿಗೆ ಉಣಿಸಿದ ಪುಣ್ಯ ದೊಡ್ಡದು. ಹಡೆಯುವ ನಾಯಿಗೆ ಶೀರಾ ಮಾಡಿ ಹಾಕುವುದಂತೂ ಓಣಿಗೆಲ್ಲ ಹಬ್ಬ. ಸಂಜೆಯ ಹೊತ್ತಿಗೆ ಪ್ರತಿ ಮಹಡಿಯಲ್ಲೂ ಶೀರಾ ಕೆದಕುವ ಸದ್ದು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಸುಖಡಿಗೆ ಮಾತ್ರ ಎಲ್ಲ ಗೊತ್ತಿತ್ತು, ಅವಳು ಯಾರಿಗೂ ಹೇಳಲಿಲ್ಲ.

ತಿಂದಷ್ಟೂ ಹೊಟ್ಟೆ ಬೆಳೆಯಿತು. ಹೊಟ್ಟೆ ಬೆಳೆದಷ್ಟೂ ಬಾಯಿಯವರ ಮಾತು ನಿಜವಾಯಿತು. ಮಾತು ನಿಜವಾದಷ್ಟೂ ಜನ ತಿನ್ನಿಸಿದರು.

ಇತ್ತ ಮೇದಿನಿಗೆ ತುಪ್ಪ ಕಂಡರಾಗದು. ಬಾಣಲೆಗೆ ಅಂಟು ಬಿದ್ದೊಡನೆ ಮೂಗು ಮುಚ್ಚಿಕೊಂಡು ಬಾಲ್ಕನಿಗೆ ಓಡುವಳು.

"ನಾಯಿಗೆ ಮಾಡಿದ್ದಂದ್ರ ಹೇಸಿಗಿ ಏನ ನಿನಗ?"

"ಹಂಗಲ್ಲವ್ವಾ, ನಿನಗ ಒಂದ ಮಾತ ಹೇಳೂದಿತ್ತು..."

"ಆಮ್ಯಾಲೆ ಹೇಳು. ಈಗ ಪಾಕ ತಪ್ಪತದ." ಪಾಕ ಇಳಿಸಿದ ಮೇಲೆ, ಈ ಊರಿನ ನೀರು ಮಗಳಿಗೆ ಒಗ್ಗಿಲ್ಲವೆಂದು ತೀರ್ಮಾನಿಸಿ ಒಂದು ಲೋಟ ಅಜವಾನದ ಕಷಾಯ ಕುಡಿಸಿದರು.

ಸುದ್ದಿ ರಜನಿಭಾಯಿಯವರ ಕಿವಿಗೂ ಬಿತ್ತು. ಅವರು ಮೆಟ್ಟಿಲ ಮೇಲೆ ಬಾಯಿಯವರನ್ನು, ಗುಜರಾತಿಯಲ್ಲಿ ತಾಯಿಯನ್ನು ಕರೆಯುವ ಹಾಗೆ 'ಬಾ' ಎಂದು ಕರೆದು ತಡೆದು ನಿಲ್ಲಿಸಿದರು.

"ಬಾ, ನೀವೇ ಹೇಳಿದ್ದಂತೆ. ಮರಿ ಎಷ್ಟು ಹಾಕಬಹುದು?"

ಬಾಯಿಯವರಿಗೆ ಪಾಂಡಿತ್ಯ ಉಕ್ಕಿತು. "ಆರಕ್ಕ ಕಡಿಮಿ ಇಲ್ಲ."

"ಒಂದು ನಾಯಿ ಅಂದರೆ ಕಾವಲು. ಏಳು ನಾಯಿ ಅಂದರೆ ದಂಡು. ಭಾನುವಾರ ಮೀಟಿಂಗ್ ಇಟ್ಟಿದ್ದೇನೆ. ಹಾಕುವ ಮೊದಲೇ ಊರಾಚೆ ಬಿಟ್ಟುಬರುವುದು ಒಳ್ಳೆಯದು."

ಬಾಯಿಯವರ ಕೈಯಲ್ಲಿದ್ದ ತರಕಾರಿ ಚೀಲ ಭಾರವಾಯಿತು. ಯಾರೂ ಕೇಳದೆ ಇವರೇ ಆಡಿದ ಮಾತು. ಅದೇ ಈಗ ಆ ಮೂಕಪ್ರಾಣಿಯ ಬುಡಕ್ಕೆ ಬಂದಿತ್ತು. ಹೊಳೆ ದಾಟಿ ಬಂದು ನೆಲೆ ಕಂಡ ಜೀವವನ್ನು, ಅದೂ ಬಸುರಿಯನ್ನು, ಹೆದ್ದಾರಿಯ ಪಕ್ಕ ಇಳಿಸಿ ಬರುವುದೆಂದರೇನು? "ಬಸರೀನ ಹೊರಗ ಹಾಕಿದ ಮನಿ ಉದ್ಧಾರ ಆಗೂದಿಲ್ಲ, ರಜನಿಭಾಯಿ" ಎಂದರು. ಹೇಳಿದ್ದು ಕನ್ನಡದಲ್ಲಿ. ರಜನಿಭಾಯಿ ನಮಸ್ಕಾರ ಮಾಡಿ ಹೋದರು.

ರಾತ್ರಿಯ ಊಟಕ್ಕೆ ಕೂತಾಗ ಬಾಯಿಯವರಿಗೆ ಉಪಾಯ ಹೊಳೆಯಿತು. ಕುಬಸ, ಅಂದರೆ ಸೀಮಂತ, ಮಾಡುವುದು. ಕುಬಸ ಮಾಡಿ ಉಡಿ ತುಂಬಿದ ಮೇಲೆ ಬಸುರಿ ಮನೆಮಗಳು. ಮನೆಮಗಳನ್ನು ಹೊರಹಾಕಲು ಯಾವ ಮೀಟಿಂಗಿಗೂ ಬಾಯಿ ಬರುವುದಿಲ್ಲ. ಜಸುಬೆನ್ನರಿಗೆ ಹೇಳಿದ ತಕ್ಷಣ ಅರ್ಥವಾಯಿತು. ಅವರಲ್ಲೂ ಮಡಿಲು ತುಂಬುವ ಶಾಸ್ತ್ರವಿದೆ. ಕಮೂರತಾ ಅಡ್ಡ ಬರುವುದಿಲ್ಲವೇ ಎಂದು ಒಬ್ಬರು ಕೇಳಿದ್ದಕ್ಕೆ, "ನಾಯಿಗೆ ಪಂಚಾಂಗ ಎಲ್ಲಿಯದು?" ಎಂದು ಅವರೇ ಬಾಯಿ ಮುಚ್ಚಿಸಿದರು.

ಶನಿವಾರ ಪಾರ್ಕಿಂಗಿನಲ್ಲಿ ಸಮಾರಂಭ. ಸುಖಡಿಯ ಕೊರಳಿಗೆ ಹಸಿರು ಖಣ, ಹಣೆಗೆ ಕುಂಕುಮ. ಬಾಯಿಯವರು ಮಾತ್ರ ಹತ್ತಿರ ಹೋಗದೆ ಕಂಬದ ಪಕ್ಕ ಕುರ್ಚಿ ಹಾಕಿಸಿಕೊಂಡು, "ಅಕ್ಕಿ ಮೊದಲು, ಕೊಬ್ಬರಿ ಆಮ್ಯಾಲೆ" ಎಂದು ದೂರದಿಂದಲೇ ನಡೆಸುತ್ತಿದ್ದರು. ಯಜಮಾನರು ಹೋದ ಮೇಲೆ ಅವರು ಯಾರ ಉಡಿಯನ್ನೂ ತುಂಬಿದವರಲ್ಲ. ಜಸುಬೆನ್ ಬಂದು ಮೊರವನ್ನು ಅವರ ಕೈಗೇ ಇಟ್ಟರು. "ಬಾ, ನೀವು ತುಂಬದೆ ಇದು ಎಂಥ ಶಾಸ್ತ್ರ? ಏಳಿ."

ಬಾಯಿಯವರು ಎದ್ದರು. ಉಡಿ ತುಂಬಿದ್ದಷ್ಟೇ ತಡ, ಸುಖಡಿ ಕೊಬ್ಬರಿ ಬಟ್ಟಲನ್ನೂ ಬೆಲ್ಲದಚ್ಚನ್ನೂ ಅಲ್ಲೇ ಮುಗಿಸಿ, ಖಣದ ಅಂಚನ್ನೂ ರುಚಿ ನೋಡಿದಳು. ಹೆಂಗಸರು ಸುತ್ತ ಚಪ್ಪಾಳೆ ತಟ್ಟಿ ಗರಬಾ ಆಡಿದರು. ಆಮೇಲೆ ಎಲ್ಲರ ಮನೆಯ ಶೀರಾ. ಈ ಸಲ ಬಹಿರಂಗವಾಗಿ.

ಭಾನುವಾರ ಮಧ್ಯಾಹ್ನ ಮೀಟಿಂಗಿಗೆ ಕುರ್ಚಿ ಹಾಕುವ ಹೊತ್ತಿಗೆ ಸುಖಡಿ ಮೀಟರ್ ಕೋಣೆಯ ಮೂಲೆ ಸೇರಿ ನರಳತೊಡಗಿದಳು. ಹೊಟ್ಟೆ ಡೊಳ್ಳಿನ ಹಾಗೆ ಬಿಗಿದಿತ್ತು, ನಾಲಿಗೆ ಹೊರಬಿದ್ದಿತ್ತು.

"ಬ್ಯಾನಿ ಶುರುವಾತು" ಎಂದು ಸಾರಿದರು ಬಾಯಿಯವರು. ಬಿಸಿನೀರು ಬಂತು. ಹಳೆಯ ಸೀರೆಯೊಂದು ಬಾಗಿಲಿಗೆ ಪರದೆಯಾಯಿತು. ಕರೆಂಟು ಬಿಲ್ಲಿನ ಮನುಷ್ಯ ಮೀಟರ್ ನೋಡಲು ಬಂದವನು, "ಗಂಡಸರು ಒಳಗ ಬರಬ್ಯಾಡ್ರಿ" ಎಂಬ ಅಬ್ಬರ ಕೇಳಿ ವಾಪಸಾದ. ರಜನಿಭಾಯಿ ಪರದೆಯ ಆಚೆ ಶತಪಥ ಹಾಕುತ್ತಿದ್ದರು. ನೋಡಿದವರು ಅವರೇ ತಂದೆಯೆಂದುಕೊಳ್ಳಬೇಕು.

ಹೊತ್ತು ಇಳಿಯಿತು, ಮರಿ ಇಳಿಯಲಿಲ್ಲ. ನರಳಾಟವೂ ಸಣ್ಣದಾಯಿತು. ಸುಖಡಿ ತಲೆ ಎತ್ತಲೂ ಆಗದೆ ಬಾಯಿಯವರನ್ನೇ ನೋಡುತ್ತಿದ್ದಳು. ಏಳು ಬಾಣಂತನದಲ್ಲಿ ಅವರು ಇಂಥ ಬ್ಯಾನಿ ಕಂಡಿರಲಿಲ್ಲ.

ಮೇದಿನಿ ಪರದೆ ಸರಿಸಿದಳು. "ಸಾಕವ್ವಾ. ನಾ ಡಾಕ್ಟರನ್ನ ಕರದೀನಿ. ಬೆಳಕಿಗೆ ತರ್ರಿ ಆಕಿನ್ನ" ಎನ್ನುತ್ತ ಎತ್ತಲು ತಾನೇ ಬಗ್ಗಿದಳು.

"ನೀ ಎತ್ತಬ್ಯಾಡ!" ಎಂದು ಕೂಗುತ್ತ ಅಜಯ್ ಓಡಿಬಂದ.

"ನಾಯಿ ಎತ್ತಿದ್ರ ಸವದ ಹೋಗ್ತಾಳೇನು?" ಎಂದು ಬಾಯಿಯವರು ಅಂಥ ಹೊತ್ತಿನಲ್ಲೂ ಗೊಣಗಿದರು.

ಪ್ರಾಣಿಗಳ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಹೊಟ್ಟೆ ಒತ್ತಿದಳು, ಒಸಡು ನೋಡಿದಳು, ಹಳದಿಗಟ್ಟಿದ ಕಿವಿಯನ್ನು ಒರೆಸಿ ನೋಡಿದಳು. ಆಮೇಲೆ ತಲೆಯೆತ್ತಿದಳು.

"ಇವಳು ಬಸುರಿ ಅಂತ ಹೇಳಿದವರು ಯಾರು?"

ಇಡೀ ಸೊಸೈಟಿ ಬಾಯಿಯವರ ಕಡೆ ತಿರುಗಿತು. ಬಾಯಿಯವರು ಮೀಟರುಗಳ ಕಡೆ ತಿರುಗಿದರು.

"ಈ ಕಿವಿಯ ತುದಿ ನೋಡಿದಿರಾ? ಬೀದಿನಾಯಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿದ ಮೇಲೆ ಹೀಗೆ ಕತ್ತರಿಸಿ ಗುರುತು ಮಾಡುತ್ತಾರೆ."

"ಅದು ಜಗಳದ ಗಾಯ. ನಾನ ಅರಿಶಿಣ ಹಚ್ಚಿ ಮಾಯ್ಸೀನಿ" ಎಂದರು ಬಾಯಿಯವರು. ಮೇದಿನಿ ತಗ್ಗಿದ ದನಿಯಲ್ಲಿ ಹಿಂದಿ ಮಾಡಿ ಹೇಳಿದಳು.

"ಚೆನ್ನಾಗಿ ಮಾಗಿದೆ, ಬಾ. ಮಾಗಿ ಎಷ್ಟೋ ವರ್ಷ ಆಗಿದೆ."

"ಮತ್ತೆ ಹೊಟ್ಟೆಯೊಳಗೆ?" ಜಸುಬೆನ್ ಕೇಳಿದರು.

"ಶೀರಾ. ಏನೇನು ಹಾಕಿದ್ದೀರಿ, ಮುಚ್ಚಿಡದೆ ಹೇಳಿ."

ಒಬ್ಬೊಬ್ಬರೇ ಒಪ್ಪಿಕೊಂಡರು. ಶೀರಾ, ಲಾಡು, ಅಂಟಿನುಂಡಿ, ಹಾಲು, ಮತ್ತೆ ಶೀರಾ. ಕೊನೆಗೆ ಹಿಂದಿನಿಂದ ಒಂದು ಕೆಮ್ಮು ಕೇಳಿತು. "ನಾನು ಬರೀ ಕರಿದ ಕಡಲೆಹಿಟ್ಟಿನ ಗಾಂಠಿಯಾ ಹಾಕಿದ್ದು" ಎಂದರು ರಜನಿಭಾಯಿ. "ಬೆಳಿಗ್ಗೆ ಪೇಪರಿಗೆ ಹೋಗುವಾಗ ಹಿಂದೆ ಬರುತ್ತಾಳೆ. ಮುಖ ನೋಡಿದರೆ ಕೊಡದೆ ಇರಲಿಕ್ಕೆ ಆಗುತ್ತದೆಯೇ?"

ಡಾಕ್ಟರು ನಗಲಿಲ್ಲ. ಸೂಜಿ ಚುಚ್ಚಿ, ಸಲೈನು ಏರಿಸಿ ಹೇಳಿದಳು: "ಇನ್ನೊಂದು ವಾರ ನಿಮ್ಮ ಈ ಪ್ರೀತಿ ನಡೆದಿದ್ದರೆ ಇವಳು ಉಳಿಯುತ್ತಿರಲಿಲ್ಲ. ತುಪ್ಪ ಇಲ್ಲ, ಬೆಲ್ಲ ಇಲ್ಲ. ಎರಡು ಹೊತ್ತು ನಡೆಸಬೇಕು. ಮತ್ತೆ ಸೆಕ್ರೆಟರಿ ಸಾಹೇಬರೇ, ಆಪರೇಷನ್ ಆದ ನಾಯಿಯನ್ನು ಕಾನೂನಿನ ಪ್ರಕಾರ ಅದು ಇರುವ ಜಾಗದಿಂದ ಎಬ್ಬಿಸುವ ಹಾಗಿಲ್ಲ, ಗೊತ್ತಲ್ಲ?"

ರಜನಿಭಾಯಿ ಮೀಟಿಂಗಿನ ಕಾಗದವನ್ನು ಮಡಿಚಿ ಜೇಬಿಗಿಟ್ಟರು. ಅಂದರೆ ಸುಖಡಿಯನ್ನು ಉಳಿಸುವ ದಾಖಲೆ ಮೊದಲ ದಿನದಿಂದಲೂ ಅವಳ ಕಿವಿಯ ಮೇಲೇ ಇತ್ತು. ಬಾಯಿಯವರು ದಿನವೂ ತಪ್ಪದೆ ಅದರ ಮೇಲೆ ಅರಿಶಿಣ ಬಳಿದಿದ್ದರು.

ಎರಡು ದಿನಕ್ಕೆ ಸುಖಡಿ ಎದ್ದು ನಿಂತಳು. ತಿನ್ನಿಸಿದವರೇ ಕರಗಿಸಬೇಕೆಂದು ಅಜಯ್ ಬೆಲ್ಟನ್ನು ಅತ್ತೆಯ ಕೈಗೆ ಕೊಟ್ಟ. ಮೊದಲ ಸುತ್ತು ಮುಗಿಸಿ, ಮೊಣಕಾಲು ಹಿಡಿದುಕೊಂಡು ಬಾಯಿಯವರು ಅಡಿಗೆಮನೆಯಲ್ಲಿ ಕೂತರು. ಸುಖಡಿ ಹೋಗಿ ಮೇದಿನಿಯ ಪಾದದ ಮೇಲೆ ಗದ್ದವಿಟ್ಟು ಮಲಗಿದಳು.

"ಇನ್ನ ಯಾರ ಹೊಟ್ಟಿ ಬಗ್ಗೆನೂ ನಾ ಬಾಯಿ ತೆಗಿಯೂದಿಲ್ಲ" ಎಂದರು ಬಾಯಿಯವರು.

"ಅವ್ವಾ, ಅಂಟಿನುಂಡಿ ಉಳದಾವೇನು?"

"ಡಾಕ್ಟರ ಹೇಳಿದ್ದು ಕೇಳ್ಲಿಲ್ಲೇನು? ಒಂದ ಚೂರೂ ಹಾಕೂದಿಲ್ಲ ಆ ನಾಯಿಗೆ."

"ನಾಯಿಗಲ್ಲ."

ಬಾಯಿಯವರು ಮಗಳನ್ನು ನೋಡಿದರು. ಮುಖ ನೋಡಿದರು, ಕಣ್ಣಿನ ಕೆಳಗಿನ ಕಪ್ಪು ನೋಡಿದರು, ಕೈಯಲ್ಲಿದ್ದ ಹುಣಸೆಕಾಯಿ ನೋಡಿದರು. ತುಪ್ಪದ ವಾಸನೆ, ಬಾಲ್ಕನಿ, ಅಜವಾನದ ಕಷಾಯ ಎಲ್ಲ ಒಂದರ ಹಿಂದೊಂದು ಬಂದು ಎದುರಿಗೆ ಸಾಲಾಗಿ ಕೂತವು.

"ಎಷ್ಟಾತು?"

"ಮೂರು ತುಂಬಿದ್ವು. ಹೇಳ್ಳಿಕ್ಕೆ ಬಂದಾಗೆಲ್ಲಾ ನೀ ಬಾಣಂತನದಾಗ ಇದ್ದಿ."

ಬಾಯಿಯವರು ಡಬ್ಬಿ ತೆಗೆದರು. ತಳದಲ್ಲಿ ನಾಲ್ಕು ಗಸಗಸೆ ಕಾಳು. ಉಳಿದದ್ದೆಲ್ಲ ಸೊಸೈಟಿಯ ಮನೆಮಗಳ ಪಾಲಾಗಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಗಲೇ ಅಜಯ್ ಸೋಫಾದ ಹಿಂದೆ ಬಗ್ಗಿ ನೋಡುತ್ತ ಒಳಗೆ ಬಂದ. "ಬೆಲ್ಟ ಕಂಡದೇನು..." ಎಂದವನು ನಿಂತುಬಿಟ್ಟ. ಬೆಲ್ಟು ಅತ್ತೆಯ ಹೆಗಲ ಮೇಲಿತ್ತು. "ಕಂಕುಳಾಗ ಕೂಸಿಟ..." ಎಂದು ಅರ್ಧ ಗಾದೆ ಅವನ ಬಾಯಿಂದ ಜಾರಿತು. ಹೆಂಡತಿಯ ಮುಖ, ಅತ್ತೆಯ ಮುಖ ನೋಡಿ ಉಳಿದರ್ಧ ನುಂಗಿಕೊಂಡ.

"ಅನ್ರಿ, ಅಜಯ್" ಎಂದರು ಪದ್ಮಾವತಿಬಾಯಿ, ಬೆಲ್ಟನ್ನು ಇಳಿಸಿ ಅವನ ಕೈಗಿಡುತ್ತ. "ಪೂರ್ತಿ ಅನ್ರಿ. ಅಂದು, ಪ್ಯಾಟಿಗೆ ಹೋಗಿ ಅಂಟು ತಗೊಂಡ ಬರ್ರಿ."