ಉಗ್ರಾಣದಲ್ಲಿ ಪೆಟ್ಟಿಗೆ ಆಟ

ಸರಕು ಜೋಡಿಸುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಚಾಮರಾಜನಗರದ ಗೋದಾಮೊಂದರಲ್ಲಿ ನಿವೃತ್ತಿಯವರೆಗೂ ಉಸ್ತುವಾರಿ ನಡೆಸಿದವನು ನಾನು. ನನ್ನ ಕಾಲದಲ್ಲಿ ಅರಿಸಿನದ ಮೂಟೆಗಳೂ ಸಾಲು ತಪ್ಪಲು ಹೆದರುತ್ತಿದ್ದವು!

ಹಾಗಾಗಿ, ಮಗಳು ಕೊಡಿಸಿದ ಮೊಬೈಲಿನಲ್ಲಿ ಪೆಟ್ಟಿಗೆ ತಳ್ಳುವ ಆಟ ಕಂಡಾಗ ಕನಿಕರವೇ ಆಯಿತು. ಒಂದು ಗೋದಾಮು, ಒಬ್ಬ ಪುಟ್ಟ ಮನುಷ್ಯ, ನಾಲ್ಕಾರು ಪೆಟ್ಟಿಗೆ. ಗುರುತು ಮಾಡಿದ ಜಾಗಕ್ಕೆ ಅವನ್ನು ಸೇರಿಸಬೇಕು. ತಳ್ಳಬಹುದು, ಎಳೆಯುವಂತಿಲ್ಲ. ಪೆಟ್ಟಿಗೆ ಮೂಲೆಗೆ ಸಿಕ್ಕಿತೋ, ಆಟ ಮುಗಿಯಿತು. ಇದೂ ಒಂದು ಆಟವೇ?

ಮೊದಲ ಸುತ್ತುಗಳು ಕಾಫಿ ಆರುವ ಮುಂಚೆ ಮುಗಿದವು. ಆಮೇಲೊಂದು ಸುತ್ತು ಬಂತು. ಅದು ಮುಗಿಯಲಿಲ್ಲ. ವಾಕಿಂಗ್ ನಿಂತಿತು. ಪತ್ರಿಕೆ ಮಡಿಕೆ ಬಿಚ್ಚದೆ ಬಿದ್ದಿತು. ಸ್ನಾನ ಊಟದ ನಂತರಕ್ಕೆ ಹೋಯಿತು. ಪುಟ್ಟ ಮನುಷ್ಯ ಮಾತ್ರ ಪ್ರತಿ ಸಲವೂ ಕೊನೆಯ ಪೆಟ್ಟಿಗೆಯನ್ನು ಮೂಲೆಗೆ ಒತ್ತಿ ನನ್ನ ಮುಖ ನೋಡುತ್ತಿದ್ದ.

ಅಷ್ಟರಲ್ಲಿ ಭೀಮನಬೀಡಿನ ನನ್ನ ಬಾಮೈದ ಶಿವಣ್ಣನ ಮಗಳ ಮದುವೆ ಗುಂಡ್ಲುಪೇಟೆಯ ಛತ್ರದಲ್ಲಿ ಗೊತ್ತಾಯಿತು.

"ಉಗ್ರಾಣ ನಿಮ್ದೇ ಕಣ್ ಬಾವ. ಬೀಗ್ರು ಗಂಟೆ ನೋಡ್ಕಂಡು ಉಣ್ಣೋ ಜನ. ಊಟ ತಡ ಆದ್ರೆ ಎದ್ದೇ ಓಯ್ತಾರೆ. ನನ್ ಮಾನ ನಿಮ್ ಕೈಲದೆ" ಎಂದ.

"ನಿಶ್ಚಿಂತೆಯಿಂದಿರು" ಎಂದೆ.

ಧಾರೆ ಮುಗಿಯಿತು. ಅಡುಗೆಯೂ ಸಿದ್ಧ. ಉಗ್ರಾಣದಲ್ಲಿ ನಾನೊಬ್ಬನೇ. ಮೊಬೈಲು ತೆಗೆದೆ. ಆಗ ನೆಲ ಕಣ್ಣಿಗೆ ಬಿತ್ತು. ಚೌಕ ಚೌಕದ ನುಣುಪು ಕಲ್ಲು! ಅದರ ಮೇಲೆ ಮಿಕ್ಕ ಅಕ್ಕಿ ಮೂಟೆಗಳು! ಪರದೆಯಲ್ಲಿ ಹೊಳೆಯದ್ದು ನೆಲದ ಮೇಲೆ ಹೊಳೆಯದೇ? ಬಾಗಿಲು ಹಾಕಿಕೊಂಡು ತಳ್ಳತೊಡಗಿದೆ. ಒಂದು ಬಲಕ್ಕೆ, ಇನ್ನೊಂದು ಮುಂದಕ್ಕೆ. ಕೊನೆಯ ಮೂಟೆ ನಾಲ್ಕು ಚೌಕ ಹೆಚ್ಚಿಗೇ ಜಾರಿ, ಒಳಮುಖವಾಗಿ ತೆರೆಯುವ ಬಾಗಿಲಿಗೆ ಅಂಟಿಕೊಂಡು ನಿಂತಿತು.

ಅದೇ ಹೊತ್ತಿಗೆ ಬಾಗಿಲು ದಬದಬ ಎಂದಿತು.

"ಬಾವಾ, ಎಲೆ ಕೊಡಿ! ಬೀಗ್ರು ಕುಂತವ್ರೆ!"

ಬಾಳೆ ಎಲೆಯ ಕಟ್ಟುಗಳೆಲ್ಲ ನನ್ನ ಬೆನ್ನ ಹಿಂದೆ. ಮೂಟೆಯನ್ನು ಎಡಕ್ಕೆ ತಳ್ಳಿದರೆ ಗೋಡೆ. ಬಲಕ್ಕೆ ತಳ್ಳಿದರೆ ಎಣ್ಣೆ ಡಬ್ಬ.

"ಏನ್ ಮಾಡ್ತಿದ್ದೀರಿ ಬಾವ ಒಳ್ಗೆ?"

"ದಾರಿ ಹುಡುಕ್ತಾ ಇದ್ದೀನಿ."

"ಉಗ್ರಾಣದೊಳ್ಗೆ ಯಾವೂರಿನ ದಾರಿ!"

ಊಟದ ಮನೆಯಿಂದ ಬೀಗರ ಹಿರಿಯರೊಬ್ಬರ ದನಿ ಕೇಳಿಸಿತು: "ಅಂಗೈ ಮ್ಯಾಲೆ ಬಡಿಸ್ತೀರೇನಪ್ಪ? ಓಗನ ಏಳ್ರಲಾ!"

ಜಾಲರಿ ಹೊಡೆದ ಕಿಟಕಿಯಲ್ಲಿ ನನ್ನ ಹೆಂಡತಿ ಗಿರಿಜೆಯ ಮುಖ ಮೂಡಿತು.

"ಮೂಟೆ ಎಳೀರಿ!"

"ಎಳೆಯುವಂತಿಲ್ಲ."

"ಯಾಕೆ, ಸೊಂಟ ಹಿಡ್ಕಂತಾ?"

"ಇಲ್ಲ. ನಿಯಮ."

ಅವಳು ಜಾಲರಿಗೆ ಮೂಗು ತಾಗುವಷ್ಟು ಹತ್ತಿರ ಬಂದಳು. ಆಮೇಲೆ ಎಳೆಗೂಸಿಗೆ ಹೇಳುವಂತೆ ಹೇಳಿದಳು: "ರೀ, ಅದು ಅಕ್ಕಿ ಮೂಟೆ. ಎರಡು ಕಿವಿ ಹಿಡ್ದು ಈಚೆಗೆ ಎಳೀರಿ."

ಎಳೆದೆ. ಬಂತು. ಎಷ್ಟು ಸಲೀಸಾಗಿ ಬಂತೆಂದರೆ, ಎರಡು ಕಿವಿಗಳೂ ನನ್ನವೇ ಅನ್ನಿಸಿತು!

ಎದ್ದು ನಿಂತಿದ್ದ ಬೀಗರು ಎಲೆ ಕಂಡು ಕುಳಿತರು. ಶಿವಣ್ಣ ಕೈಚಾಚಿ ಉಗ್ರಾಣದ ಬೀಗದಕೈ ಇಸಿದುಕೊಂಡ. ಎರಡನೆಯ ಪಂಕ್ತಿಗೆ ನನ್ನನ್ನು ಉಪ್ಪು ಬಡಿಸುವ ಹುದ್ದೆಗೆ ನೇಮಿಸಲಾಯಿತು.

"ಈ ತುದಿಯಿಂದ ಆ ತುದಿಗೆ ಓಗಿ ಬಾವ. ಎಲ್ಲೂ ನಿಂತ್ಕಂಡು ಯೋಚ್ನೆ ಮಾಡ್ಬ್ಯಾಡಿ" ಎಂದು ಬೆರಳು ತೋರಿಸಿ ವಿವರಿಸಿದ.

ಎರಡು ಸಲ!