ಐವತ್ತೊಂದಕ್ಕೆ ಬಿದ್ದ ಬೀಗ

— ಸೊನ್ನೇಲಿ ಮುಗಿಯೋ ದುಡ್ಡು ನಾನು ಹುಟ್ಟಿದಾಗಿಂದ ಯಾರಿಗೂ ಕೊಟ್ಟಿಲ್ಲಪ್ಪ. ಕೊಟ್ಟಿದ್ದು ಐವತ್ತೊಂದು. ನಿನ್ನ ಪೆಟ್ಟಿಗೆ ಐವತ್ತು ಅನ್ನುತ್ತಲ್ಲ?

ತ್ರಿಪುರಸುಂದರಿ ಆಂಟಿ ಕೋಟು ಕೂಡ ಬಿಚ್ಚದೆ ಕಂಪ್ಯೂಟರಿನ ಹಸಿರು ಅಕ್ಷರಗಳತ್ತ ಬೆರಳು ಚಾಚಿ ನಿಂತಿದ್ದರು. ನ್ಯೂಜೆರ್ಸಿಯ ಕನ್ನಡ ಸಂಘದ ಖಜಾಂಚಿ ಬದರೀನಾಥ ತನ್ನ ಕೆಂಡಲ್ ಪಾರ್ಕ್ ಮನೆಯ ಬೇಸ್‌ಮೆಂಟಿನಲ್ಲಿ ಬೆವರುತ್ತಿದ್ದ. ಸಂಘದ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಬರೆದದ್ದನ್ನು ಬ್ರಹ್ಮನೂ ಅಳಿಸದಂತೆ ಬೀಗ ಜಡಿದವನು ಅವನೇ. ನಾಳೆ ಯುಗಾದಿ ಸಭೆಯಲ್ಲಿ ದೇಣಿಗೆ ಕೊಟ್ಟವರ ಪಟ್ಟಿ ಹಂಚಿ, ಅದರ ಬಲದ ಮೇಲೆ ಅಧ್ಯಕ್ಷಗಿರಿಗೆ ನಿಲ್ಲುವವನೂ ಅವನೇ.

— ಕವರಲ್ಲಿ ಒಂದು ಡಾಲರ್ ಬೇರೆ ಇತ್ತು ಆಂಟಿ. ಆರತಿ ತಟ್ಟೆಗೇನೋ ಅಂತ ಹಾಕ್ಬಿಟ್ಟೆ.

— ಸರಿ, ಅಳಿಸಿ ಐವತ್ತೊಂದು ಮಾಡು.

— ಅಳಿಸೋಕಾಗಲ್ಲ, ಲಾಕ್ ಆಗಿದೆ. ಕೆಳಗೆ ‘ಐವತ್ತು ವಾಪಸ್’ ಅಂತ ಒಂದು ಸಾಲು, ಆಮೇಲೆ ‘ಐವತ್ತೊಂದು’ ಅಂತ ಇನ್ನೊಂದು ಸಾಲು ಹಾಕ್ಬೇಕು.

— ಅಂದ್ರೆ ಕೊಟ್ಟೆ, ಕಿತ್ಕೊಂಡೆ, ಮತ್ತೆ ಕೊಟ್ಟೆ ಅಂತ ನ್ಯೂಜೆರ್ಸಿಯೆಲ್ಲ ಓದ್ಬೇಕು.

— ಒಂದು ಡಾಲರ್ ಮಾತ್ರ ಬೇರೆ ಸಾಲಲ್ಲಿ ಹಾಕ್ಲಾ?

— ‘ತ್ರಿಪುರಸುಂದರಿ, ಒಂದು ಡಾಲರ್’ ಅಂತಲಾ? ಅದಕ್ಕಿಂತ ಕಿತ್ಕೊಂಡಿದ್ದೇ ವಾಸಿ.

ಕಾಫಿ ಹಿಡಿದು ಮೆಟ್ಟಿಲಿಳಿದ ಹೆಂಡತಿ ಪದ್ಮಜಾ ನಡುವೆ ಬಾಯಿ ಹಾಕಿದಳು.

— ಬೀಗ ಹಾಕಿದವರು ನೀವೇ ಅಲ್ವೇನ್ರೀ? ತೆಗೀರಿ.

— ನಾನೇ ತೆಗೆಯೋ ಹಾಗಿದ್ರೆ ಅದು ಬೀಗ ಹೇಗಾಗುತ್ತೆ?

ಆಂಟಿ ಸೆರಗಿನ ತುದಿ ಕಣ್ಣಿಗೊತ್ತಿಕೊಂಡರು. ಬದರೀನಾಥ ಕೀಬೋರ್ಡ್ ಹತ್ತಿರಕ್ಕೆಳೆದುಕೊಂಡ.

— ಅಳಬೇಡಿ ಆಂಟಿ. ಆ ಡಾಲರ್ ನನ್ನ ಜೇಬಿಂದ ಹಾಕ್ತೀನಿ. ಪಕ್ಕದಲ್ಲಿ ವಿವರಣೆಗೆ ಜಾಗ ಇದೆ, ತಪ್ಪು ನಂದೇ ಅಂತ ಬರೀತೀನಿ.

— ನಾನು ಹೇಳ್ತೀನಿ, ನೀನು ಒತ್ತು. ‘ಟ್ರೆಷರರ್ ಬದರೀನಾಥ್ ಟುಕ್ ಒನ್ ಡಾಲರ್ ಫಾರ್ ಆರತಿ ಪ್ಲೇಟ್ ಬೈ ಮಿಸ್ಟೇಕ್.’

ವಾಪಸ್ ಸಾಲು, ಐವತ್ತೊಂದರ ಸಾಲು, ಪಕ್ಕದಲ್ಲಿ ವಿವರಣೆ, ಅಷ್ಟನ್ನೂ ಒತ್ತಿದ. ಬೀಗ ಬಿತ್ತು. ಪ್ರಿಂಟರ್ ಹಲ್ಲು ಕಡಿಯುತ್ತ ಕಾಗದ ಉಗುಳಿತು. ವಿವರಣೆಯ ಜಾಗ ಗೇಣುದ್ದವೂ ಇರಲಿಲ್ಲ. ಹಿಡಿದಷ್ಟು ಹಿಡಿದು ಮಿಕ್ಕಿದ್ದನ್ನು ಕತ್ತರಿಸಿ ಎಸೆದಿತ್ತು. ಪದ್ಮಜಾ ಗಟ್ಟಿಯಾಗಿ ಓದಿದಳು.

— ‘ಟ್ರೆಷರರ್ ಬದರೀನಾಥ್ ಟುಕ್ ಒನ್ ಡಾಲರ್.’

ಬದರೀನಾಥ ಕಾಗದ ಕಿತ್ತುಕೊಂಡು ತಾನೂ ಓದಿದ.

— ಆಂಟಿ, ಇದನ್ನ ಅಳಿಸ್ಬೇಕು.

ಆಂಟಿ ಈಗ ನಿಧಾನವಾಗಿ ಕೋಟು ಬಿಚ್ಚಿ, ಕುರ್ಚಿ ಎಳೆದುಕೊಂಡು, ಕಾಫಿ ಲೋಟ ಕೈಗೆತ್ತಿಕೊಂಡರು.

— ಅಳಿಸೋಕಾಗಲ್ವಲ್ಲಪ್ಪ. ಕೆಳಗೆ ಇನ್ನೊಂದು ಸಾಲು ಹಾಕು, ‘ವಾಪಸ್ ಕೊಟ್ಟ’ ಅಂತ.