ಟೀಚರ್ ಹಾಡಿನ ಎರಡನೇ ಕ್ಯಾಸೆಟ್

ನಮ್ಮ ಟೀಚರ್ ಬಾಯಿ ತೆರೆದರೆ ಹಾಡು ಬರುತ್ತಿತ್ತು, ಹಾಡಿನ ಬೆನ್ನಿಗೇ ಒಂದು ಫಜೀತಿಯೂ ಬರುತ್ತಿತ್ತು. ಮೂಡಿಗೆರೆಯಲ್ಲಿ ಹಗಲು ಜೀಪು ರಿಪೇರಿ, ಸಂಜೆ ಅವರಿಗೆ ತಬಲಾ ಸಾಥ್, ಇದು ನನ್ನ ಕಸುಬು. ಹಾಗಾಗಿ ಎಲ್ಲ ಫಜೀತಿಗೂ ನಾನೇ ಸಾಕ್ಷಿ.

ಜಾವಳಿ ಶಾಲೆಯ ಈ ಟೀಚರ್ ಹಾಡಿದ ಮೊದಲ ಭಾವಗೀತೆ ಕ್ಯಾಸೆಟ್ ಎಂಬತ್ತರ ದಶಕದಲ್ಲಿ ಕಳಸದಿಂದ ಚಿಕ್ಕಮಗಳೂರಿನವರೆಗೆ ಮನೆಮಾತಾಗಿತ್ತು. ಎರಡನೇದು ಯಾವಾಗ ಅಂತ ಜನ ಕೇಳಿದಾಗಲೆಲ್ಲ ಅವರ ಮುಖ ಸಪ್ಪಗಾಗುತ್ತಿತ್ತು.

"ಮೊದಲನೇದು ಅದೃಷ್ಟಕ್ಕೆ ಹಿಡಿಸ್ತು ಮಾರಾಯ್ರೆ. ಎರಡನೇದನ್ನ ಜನ ಒಪ್ಪದಿದ್ರೆ ಇನ್ನು ಮಗ್ಗಿ ಹೇಳ್ಸೋಕಷ್ಟೇ ನಾನು ಬಾಯಿ ತೆಗೆಯೋದು."

ಹೇಳಿದ್ದನ್ನು ಮಾಡುವ ಹೆಂಗಸು. ನನಗೆ ನಿಜಕ್ಕೂ ಹೆದರಿಕೆಯಾಯಿತು.

೧. ಬಸ್ಸಿನ ದನಿ

ಗೋಣಿಬೀಡಿನ ಬಸ್ಸಿನ ಡ್ರೈವರ್ ಮೊದಲ ಕ್ಯಾಸೆಟ್ಟನ್ನು ಹಾಕಿ ಹಾಕಿ ಟೇಪು ಹಿಗ್ಗಿಹೋಗಿತ್ತು. ಹಾಡು ನಿಧಾನ, ದನಿ ದಪ್ಪ. ಜನರಿಗೆ ಅದೇ ರೂಢಿ. ಹೊಸ ಹಾಡುಗಳನ್ನು ಪರೀಕ್ಷೆ ಮಾಡಿ ನೋಡೋಣ ಅಂತ ಅಲ್ಲಿಯ ಒಂದು ಮದುವೆಯಲ್ಲಿ ಹಾಡಿದೆವು, ಒಂದೆರಡು ಹಳೆಯದನ್ನೂ ಸೇರಿಸಿ.

ಊಟವಾದ ಮೇಲೆ ಒಬ್ಬ ಅಜ್ಜಿ ಟೀಚರ್ ಕೈ ಹಿಡಿದುಕೊಂಡರು. "ದನಿ ಸಣ್ಣ ಆಗಿದೆಯಲ್ಲ ಮಗಾ, ಶೀತವಾ? ಬಸ್ಸಲ್ಲಿ ಎಷ್ಟು ಚಂದ ಹಾಡ್ತೀಯ!"

ಬೇಡವೆಂದರೂ ಬಿಡದೆ ಮೆಣಸಿನ ಕಷಾಯ ಮಾಡಿಸಿ ತಂದರು. ಟೀಚರ್ ಕಣ್ಣಲ್ಲಿ ನೀರು ಬರಿಸಿಕೊಂಡು ಪೂರ್ತಿ ಕುಡಿದು, "ಇನ್ನು ಬಸ್ಸಿನಷ್ಟೇ ಚೆನ್ನಾಗಿ ಹಾಡ್ತೇನೆ ಅಜ್ಜಿ" ಅಂದರು.

೨. ಆಹಾ!

ಬೆಂಗಳೂರಿನ ಸ್ಟುಡಿಯೋಗೆ ಟೀಚರ್ ಯಜಮಾನರೂ ಬಂದರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಮಾತು ಕಮ್ಮಿ. ಆದರೆ ಹೆಂಡತಿ ಹಾಡು ಮುಗಿಸುವುದೇ ತಡ, ಅವರ ಬಾಯಿಂದ "ಆಹಾ!" ಹೊರಬೀಳುತ್ತಿತ್ತು. ಮತ್ತೆ ಮೊದಲಿಂದ ರೆಕಾರ್ಡಿಂಗು.

ರೆಕಾರ್ಡ್ ಮಾಡುವವರು ಕೈಮುಗಿದು ಅವರನ್ನು ಹೊರಗೆ ಕೂರಿಸಿದರು. ಈಗ ಟೀಚರಿಗೆ ಶ್ರುತಿಯೇ ಸೇರದು.

"ಎದುರಿಗೆ ಅವ್ರಿಲ್ದೆ ನಾನು ಯಾರಿಗೆ ಅಂತ ಹಾಡ್ಲಿ?"

ಕೊನೆಗೆ ರೈಟರನ್ನು ಒಳಗೆ ಕರೆದು, ಬಾಯಿಗೆ ಒತ್ತಿಕೊಳ್ಳಲು ಟವೆಲ್ ಕೊಟ್ಟೆವು. ಎಲ್ಲ ಸುಸೂತ್ರವಾಗಿ ನಡೆಯಿತು. ಕಡೆಯ ಹಾಡಿಗೆ ಮಾತ್ರ ಅವರು ಕಣ್ಣೊರೆಸಿಕೊಳ್ಳಲು ಟವೆಲ್ ಮೇಲಕ್ಕೆತ್ತಿದರು. ಆ "ಆಹಾ!" ಇವತ್ತಿಗೂ ಕ್ಯಾಸೆಟ್ಟಿನಲ್ಲಿದೆ.

೩. ಬಿಡುಗಡೆ

ಬಿಡುಗಡೆ ಇಟ್ಟುಕೊಂಡದ್ದು ಕಾಫಿ ಕೊಯ್ಲಿನ ಕಾಲದಲ್ಲಿ. ಮಧ್ಯಾಹ್ನ ಮೂಡಿಗೆರೆಯ ಶಾಲೆಯ ಹಾಲ್ ತುಂಬ ಬೆಳೆಗಾರರು, ಮೇಸ್ತ್ರಿಗಳು. ಎಲ್ಲರ ಕಣದಲ್ಲೂ ಕಾಫಿ ಒಣಗಲು ಹರಡಿತ್ತು. ಆಗ ಮಳೆ ಬಂದರೆ ವರ್ಷದ ದುಡಿಮೆ ನೀರುಪಾಲು.

ಮುಖ್ಯ ಅತಿಥಿಗಳಾದ ಹಿರಿಯ ಬೆಳೆಗಾರರೊಬ್ಬರು ಕ್ಯಾಸೆಟ್ ಬಿಚ್ಚಿ ಕೊಟ್ಟರು. ನಾನು ಟೇಪ್‌ರೆಕಾರ್ಡರಿಗೆ ಹಾಕಿ ಎದುರಿಗೆ ಮೈಕ್ ಇಟ್ಟೆ. ಮೊದಲನೆಯದೇ ಮಳೆಯ ಹಾಡು. ಸ್ಟುಡಿಯೋದವರು ನಮಗೂ ಹೇಳದೆ ಶುರುವಿಗೆ ಒಂದು ಗುಡುಗು ಸೇರಿಸಿಬಿಟ್ಟಿದ್ದರು!

ಗುಡುಗಿತು. "ಅಯ್ಯೋ, ಕಣ!" ಅಂತ ಯಾರೋ ಕೂಗಿದರು. ಇಡೀ ಸಭೆ ಎದ್ದು ಬಾಗಿಲಿಗೆ ನುಗ್ಗಿತು, ಮುಖ್ಯ ಅತಿಥಿಗಳೂ ಹಾರದ ಸಮೇತ. ಖಾಲಿ ಕುರ್ಚಿಗಳ ಮುಂದೆ ಹಾಡು ನಡೆದೇ ಇತ್ತು.

"ಒಂದು ಸಾಲು ಕೇಳೋಕೂ ಜನ ನಿಲ್ಲಲಿಲ್ಲ" ಅಂತ ಟೀಚರ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಟೇಪ್ ನಿಲ್ಲಿಸಿದೆ.

ಅಷ್ಟರಲ್ಲಿ ಅತಿಥಿಗಳು ತಲೆ ಕೆರೆದುಕೊಳ್ಳುತ್ತ ಒಳಗೆ ಬಂದರು. "ಹೊರಗೆ ರಣಬಿಸಿಲು ಮಾರಾಯ! ಗುಡುಗಿದ್ದು ಎಲ್ಲಿ?"

ನಾನು ಟೇಪ್‌ರೆಕಾರ್ಡರ್ ತೋರಿಸಿದೆ. ಹಿಂದೆಯೇ ಬಂದ ಜನವೆಲ್ಲ ಬಿದ್ದು ಬಿದ್ದು ನಕ್ಕರು. ಮತ್ತೆ ಹಾಕಿದೆ. ಈ ಸಲ ಎಲ್ಲರೂ ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡು ಗುಡುಗು ದಾಟಿದರು. ಆಮೇಲೆ ಹಾಡು ಮುಗಿಯುವವರೆಗೆ ಒಬ್ಬರೂ ಅಲುಗಲಿಲ್ಲ. ಕೊನೆಗೆ ಬಿದ್ದ ಚಪ್ಪಾಳೆಗೆ ಟೀಚರ್ ಅಳುತ್ತಲೇ ನಕ್ಕುಬಿಟ್ಟರು.

ಅತಿಥಿಗಳು ಎದ್ದು ಕೈಮುಗಿದರು. "ಮೊದಲನೇ ಕ್ಯಾಸೆಟ್ಟಿಗಿಂತ ಚೆಂದ ಇದೆ ಟೀಚರ್. ಇನ್ನೊಂದ್ಸಲ ಹಾಕ್ಸಿ. ಆದ್ರೆ ಸ್ವಲ್ಪ ತಡೀರಿ, ಒಂದ್ಸಲ ಹೋಗಿ ಕಣಕ್ಕೆ ಟಾರ್ಪಾಲ್ ಮುಚ್ಚಿ ಬರ್ತೇನೆ. ಆಮೇಲೆ ಎಷ್ಟು ಬೇಕಾದ್ರೂ ಗುಡುಗ್ಲಿ!"